ಜೋಮು ಮತ್ತು ನನ್ನ ಅರ್ಧ ಮುಖ

ಮೊನ್ನೆ ನಮ್ಮ ಬೆಂಗ್ರೆಯಲ್ಲಿ ಒಂದು ಹುಡುಗಿಗೆ, ಮದುವೆಯಾಗಿ ವರ್ಷ ತುಂಬಿಲ್ಲ ಪಾಪ, ಬೆಳಿಗ್ಗೆ ಏಳುವಾಗ ಬಾಯಿ ಒಂದು ಕಡೆಗೆ ಹೋಗಿದೆ. ನಾನು ನೋಡಲಿಕ್ಕೆ ಹೋದರೆ ಗೋಡೆ ಕಡೆ ತಿರುಗಿ, ಮುಖದ ಮೇಲೆ ಸೆರಗು ಹಾಕಿಕೊಂಡು ಮಲಗಿದ್ದಳು. ಮನೆಯವರದ್ದು ಹೊರಗೆ ಪಿಸುಪಿಸು. ಒಬ್ಬರು ದೃಷ್ಟಿ ಅಂದರು, ಇನ್ನೊಬ್ಬರು ಗಾಳಿ ಸೋಕಿದ್ದು ಅಂದರು. ನಾನು ಅವಳ ಪಕ್ಕ ಕೂತು, "ಏ ಮಾರಾಯ್ತಿ, ಇಲ್ಲಿ ನೋಡು. ನನ್ನ ಮುಖವೂ ಒಂದು ಕಾಲದಲ್ಲಿ ಹೀಗೇ ಇತ್ತು" ಅಂದೆ. ಸೆರಗನ್ನು ಚೂರು ಸರಿಸಿ ಒಂದೇ ಕಣ್ಣಿನಲ್ಲಿ ನೋಡಿ, "ಸುಳ್ಳು" ಅಂದಳು. ಸುಳ್ಳಲ್ಲ. ಅದಕ್ಕೇ ಈಗ ಹೇಳಲಿಕ್ಕೆ ಕೂತದ್ದು.

ನನಗೆ ಅಕ್ಷರ ಬಾರದು. ನಾನು ತುಳುವಿನಲ್ಲಿ ಹೇಳ್ತೇನೆ, ನನ್ನ ಮಗಳು ಪುಷ್ಪ ಕನ್ನಡದಲ್ಲಿ ಬರೀತಾಳೆ. ಅವಳು ಶಾಲೆಯ ಟೀಚರ್. ನಾನು ಬಾಯಿಗೆ ಬಂದ ಹಾಗೆ ಹೇಳಿದ್ದನ್ನೆಲ್ಲ ನೇರ ಮಾಡಲಿಕ್ಕೆ ನೋಡ್ತಾಳೆ. "ಮುಖ ನೇರ ಮಾಡಲಿಕ್ಕೇ ನನಗೆ ಸಾಕುಬೇಕಾಗಿದೆ, ಮಾತಾದರೂ ಹೇಗುಂಟೋ ಹಾಗೆ ಇರಲಿ ಬಿಡು" ಎಂದು ಬೈದಿದ್ದೇನೆ. ಅದನ್ನೂ ಬರೆದಳೋ ಏನೋ!

ಆಗ ಪುಷ್ಪ ಕೈಗೂಸು, ಆಗಷ್ಟೇ ಕೂರಲಿಕ್ಕೆ ಕಲಿತಿದ್ದಳು. ನನಗೆ ಅಪ್ಪೆ, ಅಂದರೆ ತಾಯಿ, ಇರಲಿಲ್ಲ. ಒಡಹುಟ್ಟಿದ ಕಲ್ಯಾಣಕ್ಕನೇ ನನ್ನನ್ನು ಸಾಕಿದ್ದು. ಅವಳ ಮನೆಯಲ್ಲೇ ನಾನು, ನನ್ನ ಗಂಡ, ಮಗು ಎಲ್ಲ ಇದ್ದದ್ದು. ಗಂಡ ರಂಪಣಿಗೆ, ಅಂದರೆ ಹತ್ತಾರು ಜನ ದಡದಿಂದ ಎಳೆಯುವ ದೊಡ್ಡ ಬಲೆಗೆ, ಹೋಗುತ್ತಿದ್ದರು. ಬಲೆ ದಡಕ್ಕೆ ಬಂದರೆ ನಾವು ಹೆಂಗಸರು ಮೀನು ಆರಿಸಿ, ಬುಟ್ಟಿ ಹೊತ್ತು, ದೋಣಿಯಲ್ಲಿ ಬಂದರಿಗೆ ದಾಟಿ ಪೇಟೆಯಲ್ಲಿ ಮಾರುವುದು. ಪೇಟೆಯಲ್ಲಿ ನನ್ನ ಪಾಲಿಗೆ ಕೊಡಿಯಾಲ್‌ಬೈಲಿನ ಮನೆಗಳು. ನನ್ನ ಕೂಗು ಕೇಳಿದರೆ ಒಲೆಯ ಮುಂದೆ ಇದ್ದವರೂ ಎದ್ದು ಬರುತ್ತಿದ್ದರು. ಗಂಟಲು ಅಂಥಾದ್ದು, ಜಂಬ ಅಲ್ಲ.

ಜೋಮಿನ ವಿಷಯ ಹೇಳದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಅದೊಂದು ಮೀನು. ತೊರಕೆಯ ಜಾತಿ, ತಟ್ಟೆಯ ಹಾಗೆ ಗುಂಡಗೆ, ಮಣ್ಣಿನ ಬಣ್ಣ. ಜೀವ ಇರುವಾಗ ಮುಟ್ಟಿದರೆ ಕೈಗೆ ರಪ್ಪನೆ ಹೊಡೆದು ಜೋಮು ಹಿಡಿಯುತ್ತದೆ, ಹಾಗಾಗಿ ನಮ್ಮ ಕೇರಿಯಲ್ಲಿ ಮೀನಿಗೇ ಜೋಮು ಅಂತ ಹೆಸರು. ಒದ್ದೆ ಬಲೆಯ ಮೇಲಿನಿಂದ ಮುಟ್ಟಿದರೂ ಬಿಡುವುದಿಲ್ಲ, ಪಕ್ಕದಲ್ಲಿ ಕೈ ತಾಗಿಸಿ ನಿಂತವರಿಗೂ ಒಂದು ಪಾಲು ಉಂಟು. ಹೊಸಬರು ಬಂದರೆ ಗಂಡಸರು ಬೇಕೆಂದೇ "ಅದನ್ನು ಸ್ವಲ್ಪ ಎತ್ತಿ ಕೊಡು" ಎಂದು ಹೇಳಿ ನಗುವುದು. ಮೂರು ನಾಲ್ಕು ಸಲ ಹೊಡೆದ ಮೇಲೆ ಜೋಮು ದಣಿಯುತ್ತದೆ, ಆಮೇಲೆ ಬರೀ ಚಕ್ಕಳ. ನೀರಿಗೆ ಬಿಟ್ಟು ಸ್ವಲ್ಪ ಹೊತ್ತು ಕಳೆದರೆ ಮತ್ತೆ ಮೊದಲಿನ ಹಾಗೆ.

ಒಂದು ದಿನ ಮೀನು ಆರಿಸುವಾಗ ನನ್ನ ಬಲಗೈ ಒಂದು ದೊಡ್ಡ ಜೋಮಿನ ಮೇಲೆಯೇ ಬಿತ್ತು. ಹೆಗಲವರೆಗೆ ಹೊಡೆಯಿತು. ಬೈದೆ, ಕೈ ಕೊಡವಿದೆ, ಮೀನು ಹೊತ್ತು ಪೇಟೆಗೂ ಹೋಗಿ ಬಂದೆ. ಮರುದಿನ ಬೆಳಿಗ್ಗೆ ಗಂಜಿ ಕುಡಿಯುವಾಗ ಬಲಗಡೆಯಿಂದ ಗಂಜಿ ಇಳಿದು ರವಕೆ ಒದ್ದೆ. ಗಂಡ ನೋಡಿ ನಕ್ಕರು. ಮಗುವನ್ನು ಆಡಿಸಲಿಕ್ಕೆ ಮುಖ ಹಾಗೆ ಮಾಡಿದ್ದೆಂದು ಅವರ ಲೆಕ್ಕ. "ಸಾಕು ಗಿರಿಜಾ, ಮುಖ ಸರಿ ಮಾಡು" ಅಂದರು. ಮಾಡಲಿಕ್ಕೆ ಹೋದೆ, ಆಗಲಿಲ್ಲ. ಅವರ ನಗು ನಿಂತಿತು. ಬಲಗಣ್ಣು ಮುಚ್ಚುವುದಿಲ್ಲ, ಬಲ ಕೆನ್ನೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ, ಬಾಯಿ ಎಡಗಡೆಗೆ ಓಡಿದೆ. ಹೆದರಿ ಮಗುವನ್ನು ಎತ್ತಿಕೊಂಡೆ. ಅವಳು ನನ್ನ ಮುಖ ನೋಡಿದಳು, ಮತ್ತೆ ನೋಡಿದಳು, ಕಿಟಾರನೆ ಕಿರುಚಿ ಅಕ್ಕನ ಕಡೆಗೆ ಕೈ ಚಾಚಿದಳು. ನಾನು ಹೆತ್ತ ಮಗು ನನ್ನನ್ನು ನೋಡಿ ಹೆದರಿತು.

ದೋಣಿ ದಾಟಿ ಪೇಟೆಯ ಒಂದು ದವಾಖಾನೆಗೆ ಹೋದೆವು. ಬೆಂಚಿನಲ್ಲಿ ಕೂತದ್ದೇ ಕೂತದ್ದು. ಎದುರು ಕೂತವರೆಲ್ಲ ನನ್ನನ್ನು ನೋಡುವುದು, ನಾನು ನೋಡಿದರೆ ಮಾಡಿನ ಹೆಂಚು ನೋಡುವುದು. ಜೊಲ್ಲು ಸುರಿಯುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕುಲಶೇಖರದ ಕಡೆಯ ಒಬ್ಬ ಹೆಂಗಸು, ಕೆಮ್ಮುವ ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಅವಳು ಏನೂ ಕೇಳದೆ ತನ್ನ ಒಗೆದ ಕೈವಸ್ತ್ರದಿಂದ ನನ್ನ ಗಲ್ಲ ಒರೆಸಿದಳು, ಆಮೇಲೆ ಆ ವಸ್ತ್ರವನ್ನು ನನ್ನ ಕೈಯಲ್ಲೇ ಇಟ್ಟಳು. ಹೆಸರು ಕೇಳಲಿಲ್ಲ ನಾನು. ಆ ದಿನ ನನ್ನನ್ನು ಮನುಷ್ಯರ ಹಾಗೆ ಕಂಡದ್ದು ಅವಳೊಬ್ಬಳೇ.

ಒಳಗೆ ಡಾಕ್ಟರು ಮದ್ರಾಸಿನ ಕಡೆಯವರು. ಅವರಿಗೆ ಇಂಗ್ಲೀಷು, ಕಂಪೌಂಡರನಿಗೆ ಕನ್ನಡ, ನನಗೆ ತುಳು. ನಡುವೆ ನನ್ನ ಸೋರುವ ಬಾಯಿ.

"ಕೈಕಾಲು ಹೇಗುಂಟು?" ಕಂಪೌಂಡರ್ ಕೇಳಿದ.

"ನಿನ್ನೆ ಬಲಗೈಗೆ ಜೋಮು ಹಿಡಿದಿತ್ತು" ಅಂದೆ.

"ಎಲ್ಲಿಯವರೆಗೆ?"

"ಹೆಗಲವರೆಗೆ."

ನಾನು ಹೇಳಿದ್ದು ಮೀನು. ಅವನು ಕೇಳಿಸಿಕೊಂಡದ್ದು ಕೈ ಮರಗಟ್ಟಿದ ಕಥೆ. ಅವನ ತಪ್ಪು ಅಂತ ಹೇಳುವುದಿಲ್ಲ, ಕನ್ನಡದಲ್ಲಿ ಅದು ಹಾಗೇ ಅಲ್ಲವಾ! ಹೊರಗೆ ಜನ ತುಂಬಿದ್ದರು, ಡಾಕ್ಟರು ಮುಖ ನೋಡಿ, ಇಂಗ್ಲೀಷಿನಲ್ಲಿ ಏನೋ ಹೇಳಿದರು. ಕಂಪೌಂಡರ್ ನನ್ನ ಗಂಡನನ್ನು ಬದಿಗೆ ಕರೆದು, "ಪಾರ್ಶ್ವವಾಯು. ಬಲಗಡೆ ಮುಖ, ಕೈ ಎರಡಕ್ಕೂ ಬಂದಿದೆ, ಕಾಲಿಗೂ ಇಳಿಯಬಹುದು. ಏಳಲಿಕ್ಕೆ ಬಿಡಬೇಡಿ. ಭಾರ ಎತ್ತಬಾರದು, ಮಗುವನ್ನೂ ಎತ್ತಬಾರದು" ಅಂದ. ಗಂಡ ದೋಣಿಯಲ್ಲಿ ನನ್ನ ಪಕ್ಕ ಕೂತು ನೀರು ನೋಡುತ್ತಾ ಬಂದರು. ಕಡಲಿಗೆ ಹೆದರದ ಮನುಷ್ಯ, ನನ್ನ ಸೆರಗಿನ ತುದಿಯನ್ನು ಬಿಡದೆ ಹಿಡಿದುಕೊಂಡಿದ್ದರು.

ಹಾಗೆ ನಾನು ಚಾಪೆ ಹಿಡಿದೆ. ಅಕ್ಕನ ಮಗನೂ ಆಗ ಮೊಲೆ ಕುಡಿಯುವವನೇ, ಹಾಗಾಗಿ ಪುಷ್ಪನನ್ನೂ ಅವಳೇ ಎದೆಗೆ ಹಾಕಿಕೊಂಡಳು. ನನ್ನದು ಹಾಲು ಕಟ್ಟಿ ಎದೆ ಕಲ್ಲು, ಹಿಂಡಿ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದೆ. ಅಕ್ಕ ನನಗೂ ಮಾಡದೆ ಬಿಟ್ಟದ್ದಿಲ್ಲ. ಮುಚ್ಚದ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟುವುದು, ಎಡಗಡೆಯಿಂದ ಗಂಜಿ ಕುಡಿಸುವುದು, ಎಲ್ಲ. ಅವಳ ಮೇಲೆ ಸಿಟ್ಟು ಮಾಡಲಿಕ್ಕೆ ಜಾಗವೇ ಇರಲಿಲ್ಲ, ಆದರೂ ಸಿಟ್ಟು ಬರುತ್ತಿತ್ತು. ನೆರೆಯ ಹೆಂಗಸು ಬಾಗಿಲಲ್ಲಿ ನಿಂತು, "ಇನ್ನು ಕಲ್ಯಾಣಿಯೇ ಇದಕ್ಕೆ ಅಪ್ಪೆ" ಅಂದಳು. ಅಕ್ಕ ಕೂಡಲೇ, "ಬಾಯಿ ಮುಚ್ಚು, ಅಪ್ಪೆ ಅಲ್ಲಿ ಮಲಗಿದ್ದಾಳೆ" ಎಂದು ಮಗುವಿಗೆ ನನ್ನನ್ನು ತೋರಿಸಿದಳು. ಮಗು ನನ್ನ ಕಡೆ ನೋಡಿ ಅಕ್ಕನ ಕುತ್ತಿಗೆಯಲ್ಲಿ ಮುಖ ಅಡಗಿಸಿತು. ನನಗೆ ಸಾಯುವ ಹೆದರಿಕೆ ಇರಲಿಲ್ಲ. ಮಗುವಿಗೆ ಮಾತು ಬರುವಾಗ ಅದು ಅಕ್ಕನನ್ನು ಅಪ್ಪೆ ಅಂದುಬಿಟ್ಟರೆ! ಅದೊಂದೇ ತಲೆಯಲ್ಲಿ.

ಕೋಣೆಯ ಈ ಮೂಲೆಯಿಂದಲೇ ನಾನು ಹೇಳಿಕೊಡಲಿಕ್ಕೆ ಶುರು ಮಾಡಿದೆ. ಮಗು ನನ್ನ ಕಡೆ ತಿರುಗಿದಾಗಲೆಲ್ಲ "ಅಪ್ಪೆ, ಅಪ್ಪೆ" ಅನ್ನುವುದು. ಏನು ಮಾಡಿದರೂ "ಅಪ್ಪೆ" ಬಾರದು! ಅದಕ್ಕೆ ತುಟಿ ಮುಚ್ಚಬೇಕಲ್ಲ, ನನ್ನ ಬಲ ತುಟಿಯಿಂದ ಗಾಳಿ ಹೋಗಿ "ಅಫ್ಫೆ" ಆಗುತ್ತಿತ್ತು. ಮಗಳ ಹೆಸರೋ, ಇಟ್ಟವರಿಗೆ ನಮಸ್ಕಾರ, ಪುಷ್ಪ! ನನ್ನ ಬಾಯಲ್ಲಿ ಅದು ಫುಫ್ಫ. ಅಕ್ಕನಿಗೆ ನಗು ತಡೆಯಲಿಕ್ಕೆ ಆಗುತ್ತಿರಲಿಲ್ಲ, ನನಗೂ. ನಗುವುದು ಅರ್ಧ ಮುಖದಲ್ಲಿ, ಅಳುವುದೂ ಹಾಗೇ.

ದಿನ ಕಳೆದರೂ ಕಾಲಿಗೆ ಏನೂ ಇಳಿಯಲಿಲ್ಲ. ಕೈ ನೋಡಿದರೆ ಗಟ್ಟಿಯಾಗಿಯೇ ಉಂಟು. ಒಂದು ಬೆಳಿಗ್ಗೆ ನನಗೆ ತಲೆ ಕೆಟ್ಟಿತು. ಅಕ್ಕ ಬಾವಿಗೆ ಹೋದಾಗ ಎದ್ದೆ, ಬುಟ್ಟಿ ಎತ್ತಿದೆ, ದಡದಲ್ಲಿ ಮೀನು ತುಂಬಿಸಿ ದೋಣಿ ಹತ್ತಿದೆ. ಪೇಟೆಗೆ ಬಂದ ಮೇಲಲ್ಲವಾ ಫಜೀತಿ. ಬಂಗುಡೆ ಕೂಗಿದರೆ ಫಂಗುಡೆ, ಬೂತಾಯಿ ಕೂಗಿದರೆ ಫೂತಾಯಿ. ದೇವರು ಮಾರುವ ಮೀನಿಗೆಲ್ಲ ತುಟಿಯ ಅಕ್ಷರವನ್ನೇ ಇಟ್ಟಿದ್ದಾನೆ! ಬುಟ್ಟಿಯಲ್ಲಿ ನಾಲ್ಕು ನಂಗ್ ಮೀನು ಇದ್ದವು, ಸ್ವಲ್ಪ ಎಟ್ಟಿ, ಅಂದರೆ ಸಿಗಡಿ. ತುಟಿ ಬೇಡದ ಆ ಎರಡು ಹೆಸರನ್ನೇ ಗಟ್ಟಿಯಾಗಿ ಕೂಗುತ್ತಾ ಹೋದೆ.

ಕೊಡಿಯಾಲ್‌ಬೈಲಿನಲ್ಲಿ ನಾನು ಮೀನು ಕೊಡುವ ಮನೆಗಳಲ್ಲಿ ಒಂದು ಡಾಕ್ಟ್ರಮ್ಮನದು. ಇಲ್ಲಿಯೇ ಹುಟ್ಟಿ ಮದ್ರಾಸಿನಲ್ಲಿ ಕಲಿತು ಬಂದವರು, ಮನೆಯ ಜಗಲಿಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ತುಳು ನಮ್ಮ ಹಾಗೇ ಮಾತಾಡುವರು. ಹಿತ್ತಲಿಗೆ ಬಂದು ಬುಟ್ಟಿ ನೋಡಿದರು.

"ಎಂತದು, ಇಷ್ಟು ಬಂಗುಡೆ ಇಟ್ಟುಕೊಂಡು ನಂಗ್ ಅಂತ ಕೂಗ್ತಿ?" ಅಂದವರು ತಲೆ ಎತ್ತಿ ನನ್ನ ಮುಖ ನೋಡಿದರು. "ಬುಟ್ಟಿ ಕೆಳಗಿಡು. ಬಾ ಇಲ್ಲಿ."

"ಪಾರ್ಶ್ವವಾಯು ಅಂತೆ ಡಾಕ್ಟ್ರಮ್ಮ."

"ಪಾರ್ಶ್ವವಾಯು ಬಂದವಳು ಬುಟ್ಟಿ ಹೊತ್ತು ಬಂದಿಯಾ? ಹುಬ್ಬು ಎತ್ತು ನೋಡುವಾ." ಎತ್ತಿದೆ. ಎಡದ್ದು ಹೋಯಿತು, ಬಲದ್ದು ಇಲ್ಲ. ಹಣೆ ಒಂದು ಕಡೆ ನೆರಿಗೆ, ಇನ್ನೊಂದು ಕಡೆ ನುಣ್ಣಗೆ. ಕೈ ಹಿಡಿದು ಒತ್ತಲಿಕ್ಕೆ ಹೇಳಿದರು, ಒತ್ತಿದೆ. "ಅಯ್ಯೋ ಬಿಡು, ಎಲುಬು ಮುರೀತಿಯಾ! ಕೈಗೆ ಏನೂ ಆಗಿಲ್ಲವಲ್ಲ ನಿನಗೆ. ಯಾರು ಹೇಳಿದ್ದು ಕೈಗೆ ಬಂದಿದೆ ಅಂತ?"

"ಜೋಮು ಹಿಡಿದದ್ದು ಹೇಳಿದೆ, ಅದಕ್ಕೆ."

"ಜೋಮು ಎಲ್ಲಿ ಹಿಡಿಯಿತು?"

"ಬಲೆಯಲ್ಲಿ."

ಅವರು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಅಳುತ್ತಾ ನಿಂತದ್ದು ಕಂಡು ನಗು ನಿಲ್ಲಿಸಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೋಡು ಗಿರಿಜಾ, ಇದು ವಾಯು ಅಲ್ಲ. ಮೀನು ಮಾಡಿದ್ದೂ ಅಲ್ಲ. ಕಿವಿಯ ಹಿಂದಿನಿಂದ ಮುಖಕ್ಕೆ ಒಂದು ನರ ಬರ್ತದೆ, ಅದು ಊದಿದೆ, ಅಷ್ಟೇ. ಯಾಕೆ ಅಂತ ನನಗೂ ಗೊತ್ತಿಲ್ಲ. ಹೆತ್ತ ಹೆಂಗಸರಲ್ಲಿ ನೋಡಿದ್ದೇನೆ. ಕಾಲಿಗೆಲ್ಲ ಇಳಿಯುವುದಿಲ್ಲ." ನನಗೆ ಬೇರೆ ಎಂತದೂ ಕೇಳಿಸಲಿಲ್ಲ. "ಮಗುವನ್ನು ಎತ್ತಬಹುದಾ?" ಅಂದೆ. "ಎತ್ತದೆ ಮತ್ತೆ!" ಅಂದರು.

ದಿನ ಬಿಟ್ಟು ದಿನ ಬರಲಿಕ್ಕೆ ಹೇಳಿ, ಚಿಕಿತ್ಸೆ ಆ ದಿನವೇ ಶುರು ಮಾಡಿದರು. ಅವರ ಜಗಲಿಯಲ್ಲಿ ಮೈಗೆ ಕರೆಂಟು ಕೊಡುವ ಒಂದು ಮರದ ಪೆಟ್ಟಿಗೆ ಇತ್ತು. ಆಗ ನಮ್ಮ ಬೀದಿಗಳಿಗೆ ಕರೆಂಟಿನ ದೀಪ ಬಂದಿರಲಿಲ್ಲ, ಕರೆಂಟು ಅನ್ನುವ ಶಬ್ದವನ್ನು ನಾನು ಕೇಳಿದ್ದೇ ಅಲ್ಲಿ. ನನ್ನ ಹಾಗೆಯೇ ಪೆಟ್ಟಿಗೆಗೆ ಕಾಯುವವರು ದೇರೆಬೈಲಿನ ಒಬ್ಬ ಶೆಟ್ರು, ಬೇಸಾಯದವರು, ಪಾದ ಎತ್ತಲಿಕ್ಕೆ ಆಗುತ್ತಿರಲಿಲ್ಲ. "ಹೆದರಬೇಡ ಮಗಾ, ಕಟ್ಟಿರುವೆ ಕಚ್ಚಿದಷ್ಟೇ" ಎಂದು ನನಗೆ ಹೇಳಿದರು. ಅವರ ಸರದಿ ಬಂದಾಗ ಕೂಗಿದ ಕೂಗು ಬೀದಿಗೆ ಕೇಳಿತು. ಹೊರಗೆ ಬಂದು, "ಕಟ್ಟಿರುವೆಗಳು ಸ್ವಲ್ಪ ಜಾಸ್ತಿ" ಅಂದರು. ಆ ಮನುಷ್ಯ ಇರದಿದ್ದರೆ ನಾನು ಮೊದಲನೇ ದಿನವೇ ಓಡುತ್ತಿದ್ದೆ.

ಡಾಕ್ಟ್ರಮ್ಮ ಒಂದು ಒದ್ದೆ ಬಟ್ಟೆ ಸುತ್ತಿದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಕೆನ್ನೆಗೆ ಇಟ್ಟರು. ಪೆಟ್ಟಿಗೆ ನೊಣದ ಹಾಗೆ ಗುಂಯ್ ಅಂತು. ನಾನು ಕಡ್ಡಿ ಬಿಸಾಡಿ ಎದ್ದೇಬಿಟ್ಟೆ. "ಇದು ಜೋಮು! ಒಳಗೆ ಮೀನು ಇಟ್ಟಿದ್ದೀರಿ!"

ಪಾಪ, ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದರು. ಜಾಡಿ, ತಂತಿ, ಮೀನಿಲ್ಲ. "ನೀನು ಹೇಳಿದ್ದು ತಪ್ಪಲ್ಲ" ಅಂದರು. "ಆ ಮೀನು ಮಾಡುವುದೂ ಇದನ್ನೇ. ಅದರ ಮೈಯ ಮಾಂಸವೇ ಅದಕ್ಕೆ ಪೆಟ್ಟಿಗೆ. ಬೇಟೆಗೆ, ತನ್ನ ರಕ್ಷಣೆಗೆ ಅದನ್ನು ಒಮ್ಮೆಲೇ ಸುರೀತದೆ. ನಿನ್ನ ಮೈಯಲ್ಲೂ ಉಂಟು, ನನ್ನದರಲ್ಲೂ ಉಂಟು, ತುಂಬಾ ಸಣ್ಣದು. ನೀನು ಬುಟ್ಟಿ ಎತ್ತುವುದು, ಕೂಗುವುದು, ನಗುವುದು ಎಲ್ಲ ಅದರಿಂದ. ಈಗ ಮುಖದ ಈ ಪಾಲಿಗೆ ಅದು ಬಂದು ಮುಟ್ಟುವುದಿಲ್ಲ. ಹಾಗಾಗಿ ನಾನು ಹೊರಗಿನಿಂದ ಕೊಟ್ಟು ಮಾಂಸ ಒಣಗದ ಹಾಗೆ ಆಡಿಸ್ತೇನೆ."

"ಹಾಗಾದರೆ ನನ್ನ ಮುಖ ದಣಿದ ಜೋಮಿನ ಹಾಗೆ. ನೀರಿಗೆ ಬಿಟ್ಟರೆ ಮತ್ತೆ ಬರಬೇಕಲ್ಲ?"

"ಬರಬೇಕು. ಹೆಚ್ಚಿನವರಿಗೆ ಬರ್ತದೆ." ಮುಚ್ಚಳ ಹಾಕುತ್ತಾ ಹೇಳಿದರು, "ಕೆಲವರಿಗೆ ಪೂರ್ತಿ ಬರುವುದಿಲ್ಲ ಗಿರಿಜಾ. ನಿನಗೆ ಸುಳ್ಳು ಹೇಳುವುದಿಲ್ಲ."

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ವಾಯು ಅಲ್ಲ ಅಂದಾಗ ಅವಳು ದೇವರಿಗೆ ಕೈ ಮುಗಿದಳು. ಮಗುವಿಗೆ ಕೈ ಚಾಚಿದೆ. ಪೆಟ್ಟಿಗೆಯ ವಿಷಯ ಆಗಲೇ ಬಾಯಿ ಬಿಟ್ಟಿದ್ದೆನಲ್ಲ, ಅಕ್ಕ ಹಿಂದೆ ಸರಿದಳು. "ಮೈಗೆ ಜೋಮು ಹಾಕಿಸಿಕೊಂಡು ಬಂದು ಮಗುವಿಗೆ ಮೊಲೆ ಕೊಡ್ತಿಯಾ? ಒದ್ದೆ ಬಲೆ ಹಿಡಿದವರಿಗೆಲ್ಲ ಹೊಡೆಯುವುದು ನಿನಗೆ ಗೊತ್ತಿಲ್ಲವಾ? ಗಟ್ಟಿ ಗಂಡಸರೇ ಬೀಳ್ತಾರೆ, ಇದು ಅಂಗೈಯಷ್ಟು ಮಗು!" ನಮ್ಮ ಕೇರಿಯಲ್ಲಿ ಹುಟ್ಟಿದ ಯಾರೂ ಅದನ್ನು ಅಲ್ಲ ಅನ್ನುವ ಹಾಗಿರಲಿಲ್ಲ. ಹೊಡೆಯುವುದು ಹೌದು, ನಾನೇ ನೋಡಿದ್ದೇನೆ. ನನಗೇ ಹೆದರಿಕೆಯಾಗಿ ಕೈ ಹಿಂದೆ ತೆಗೆದುಕೊಂಡೆ. ಡಾಕ್ಟ್ರಮ್ಮನ ಹತ್ತಿರ ಕೇಳಿದರೆ "ಅದೆಲ್ಲ ಏನೂ ಆಗುವುದಿಲ್ಲ" ಅಂದರು, ಅಕ್ಕ ನಂಬಲಿಲ್ಲ.

ಹಾಗೆ ತಿಂಗಳು ಕಳೆಯಿತು, ಮತ್ತೂ ಕಳೆಯಿತು. ಪೆಟ್ಟಿಗೆ ಗುಂಯ್ ಅಂದರೆ ಕೆನ್ನೆ ಕುಣಿಯುವುದು, ನಿಲ್ಲಿಸಿದರೆ ಸತ್ತ ಹಾಗೆ ಬೀಳುವುದು. ಶೆಟ್ರ ಪಾದ ಏಳಲಿಕ್ಕೆ ಶುರುವಾಯಿತು. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ನನ್ನ ಹಾಲು ಬತ್ತಿತು. ಗಂಡ ದಡದಿಂದ ಬರುವಾಗ ದಿನಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುವರು, ಏನೂ ಇಲ್ಲ ಎಂದು ಗೊತ್ತಾದರೆ, "ಇವತ್ತು ಮೊನ್ನೆಗಿಂತ ಚಂದ ಉಂಟು" ಅನ್ನುವರು. ಸುಳ್ಳು ಹೇಳಲಿಕ್ಕೆ ಬಾರದ ಜನ. ಮಗು ಮಾತ್ರ ಈಗ ನನ್ನನ್ನು ಕಂಡು ಅಳುತ್ತಿರಲಿಲ್ಲ. ಕೋಣೆಯ ಆ ಕಡೆ ಅಕ್ಕನ ಮಡಿಲಲ್ಲಿ ಕೂತು ನನ್ನ ಓರೆ ಬಾಯಿಯನ್ನೇ ನೋಡುತ್ತಿತ್ತು. ನಾನು "ಅಫ್ಫೆ, ಅಫ್ಫೆ" ಅನ್ನುತ್ತಿದ್ದೆ.

ಕೊನೆಗೆ ಒಂದು ದಿನ ಅಕ್ಕನೇ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ದೋಣಿ ಹತ್ತಿದಳು. "ಆ ಪೆಟ್ಟಿಗೆಯನ್ನು ನಾನೇ ನೋಡಬೇಕು" ಅಂದಳು. ಜಗಲಿಗೆ ಬಂದು ಮಗುವನ್ನು ಶೆಟ್ರ ತೊಡೆಯ ಮೇಲೆ ಕೂರಿಸಿ, ನನ್ನನ್ನು ತೋರಿಸಿ, "ಮೊದಲು ಇವಳಿಗೆ ಹಾಕಿ. ನಾನು ಇವಳ ಕೈ ಹಿಡಿದು ನಿಲ್ತೇನೆ. ಬಿದ್ದರೆ ನಾನೊಬ್ಬಳು ಬೀಳ್ತೇನೆ" ಎಂದು ಡಾಕ್ಟ್ರಮ್ಮನಿಗೆ ಹೇಳಿದಳು. ಕಣ್ಣು ಗಟ್ಟಿ ಮುಚ್ಚಿ, ಹಲ್ಲು ಕಚ್ಚಿ ನನ್ನ ಕೈ ಹಿಡಿದಳು. ಡಾಕ್ಟ್ರಮ್ಮ ಕೆನ್ನೆಗೆ ಕಡ್ಡಿ ಇಟ್ಟರು, ತೆಗೆದರು, ಪೆಟ್ಟಿಗೆ ನಿಲ್ಲಿಸಿ ಮುಚ್ಚಳ ಹಾಕಿದರು. ಅಕ್ಕ ಒಂದು ಕಣ್ಣು ತೆರೆದು, "ಶುರು ಮಾಡಿದಿರಾ?" ಅಂದಳು.

"ಮುಗಿಯಿತು" ಅಂದರು ಡಾಕ್ಟ್ರಮ್ಮ.

ಅಕ್ಕ ತನ್ನ ಕೈ ನೋಡಿಕೊಂಡಳು. ಅವಳ ಮುಖ ಇಷ್ಟು ಸಣ್ಣದಾಯಿತು. "ಇಷ್ಟು ದಿನ ಸುಮ್ಮನೆ ನಿನ್ನಿಂದ ಮಗುವನ್ನು ದೂರ ಇಟ್ಟೆನಾ ತಂಗಿ" ಎಂದು ಅಳಲಿಕ್ಕೆ ಶುರು ಮಾಡಿದಳು. ನಾನು, "ಅಳಬೇಡ ಅಕ್ಕ, ನೀನು ಹಾಲು ಕೊಟ್ಟದ್ದಕ್ಕೆ ಅದು ಬದುಕಿದ್ದು" ಅಂದೆ. ಇಬ್ಬರೂ ಅಳುವುದು ನೋಡಿ ಶೆಟ್ರ ತೊಡೆಯ ಮೇಲಿದ್ದ ಮಗು ಗಾಬರಿಯಾಯಿತು. ಎರಡೂ ಕೈ ಚಾಚಿತು. ನಾವಿಬ್ಬರೂ ಅಕ್ಕಪಕ್ಕದಲ್ಲೇ ನಿಂತಿದ್ದೆವು, ಯಾರ ಕಡೆಗೆ ಎಂದು ಗೊತ್ತಾಗುತ್ತಿರಲಿಲ್ಲ. ಮಗು ನನ್ನ ಬಾಯಿಯನ್ನೇ ನೋಡಿ, ತುಟಿ ಮುಚ್ಚದೆ, ಗಾಳಿ ಬಿಟ್ಟು ಹೇಳಿತು.

"ಅಫ್ಫೆ."

ಶೆಟ್ರು ಗಹಗಹಿಸಿ ನಕ್ಕರು. ನಾನು ಎತ್ತಿಕೊಂಡು ಎದೆಗೆ ಒತ್ತಿದೆ, ಅಳುತ್ತಿದ್ದವಳಿಗೆ ನಗು ಬಂತು. ಡಾಕ್ಟ್ರಮ್ಮ ಒಮ್ಮೆಲೇ, "ತಡಿ, ಹಾಗೇ ಇರು, ಅಲ್ಲಾಡಬೇಡ" ಎಂದು ನನ್ನ ಗಲ್ಲ ಹಿಡಿದರು. ಬಲಗಡೆ ಬಾಯಿಯ ತುದಿ ಎಳ್ಳಿನಷ್ಟು ಮೇಲೆ ಹೋಗಿತ್ತಂತೆ. ಅಕ್ಕ ಪೆಟ್ಟಿಗೆಯ ಕಡೆ ನೋಡಿದಳು. ಮುಚ್ಚಳ ಹಾಕಿಯೇ ಇತ್ತು. "ಇದು ಅವಳದ್ದೇ" ಅಂದರು ಡಾಕ್ಟ್ರಮ್ಮ.

ಅಲ್ಲಿಂದ ನಿಧಾನಕ್ಕೆ ಬಂತು. ಮೊದಲು ಬಾಯಿ, ಆಮೇಲೆ ಕಣ್ಣು, ಹುಬ್ಬು ಎಲ್ಲಕ್ಕಿಂತ ಕೊನೆಗೆ. ಪೆಟ್ಟಿಗೆಯಿಂದ ಬಂತಾ, ತಾನಾಗಿ ಬಂತಾ ಎಂದು ಕೇಳಿದರೆ ಡಾಕ್ಟ್ರಮ್ಮ, "ನನಗೂ ಗೊತ್ತಿಲ್ಲ, ಬಂತಲ್ಲ" ಅಂದರು. ಈಗಲೂ ಊಟ ಮಾಡುವಾಗ ಬಲಗಣ್ಣಿನಲ್ಲಿ ನೀರು ಬರುತ್ತದೆ, ತುಂಬಾ ಆಯಾಸವಾದರೆ ಬಾಯಿ ಚೂರು ಓರೆ. ಬಂಗುಡೆ ಮಾತ್ರ ಬಂಗುಡೆಯೇ. ಗೋಡೆ ಕಡೆ ತಿರುಗಿ ಮಲಗಿದ ಆ ಹುಡುಗಿಗೆ ನಾನು ಹೇಳುವುದು ಇಷ್ಟೇ: ಈ ಕಡೆ ತಿರುಗು ಮಗಾ. ಬೇಗ ಬರಬಹುದು, ತಡವಾಗಿ ಬರಬಹುದು, ಪೂರ್ತಿ ಬಾರದೆಯೂ ಇರಬಹುದು. ನಿನ್ನವರಿಗೆ ಆ ಮುಖ ತೋರಿಸು. ಅವರು ಕಲೀತಾರೆ.

ಇಷ್ಟು ಹೇಳಿ ಮುಗಿಸಿದಾಗ ಪುಷ್ಪ ಪೆನ್ನು ಕೆಳಗಿಟ್ಟಳು. ನಾನು "ಅಫ್ಫೆ" ಅಂದ ಕಡೆಗಳಲ್ಲೆಲ್ಲ "ಅಪ್ಪೆ" ಎಂದು ತಿದ್ದಲಾ, ಓದುವವರು ತಪ್ಪು ಅಂತಾರೆ ಎಂದು ಕೇಳಿದಳು. ಶಾಲೆಯ ಮಕ್ಕಳ ಅಕ್ಷರ ತಿದ್ದುವವಳಲ್ಲವಾ! "ತಿದ್ದು, ಆದರೆ ಮೊದಲು ನನ್ನನ್ನು ಸರಿಯಾಗಿ ಒಮ್ಮೆ ಕರೆ ನೋಡುವಾ" ಅಂದೆ.

ಬಾಯಿ ತೆರೆದಳು. ತುಟಿ ಮುಚ್ಚಿ ಪ್ರಯತ್ನ ಮಾಡಿದಳು, ನಾಚಿಕೆಯಾಗಿ ನಕ್ಕಳು.

"ಆಗುವುದಿಲ್ಲ ಅಫ್ಫೆ" ಅಂದಳು.